ಊಟದ ಇನ್‌ಸ್ಪೆಕ್ಟರ್

ತನ್ನ ಕೆಲಸವೇನು ಎಂದು ನೆಂಟರಿಗೆ ಬಿಡಿಸಿ ಹೇಳುವಷ್ಟರಲ್ಲಿ ಅವನಿಗೆ ಸಾಕುಸಾಕಾಗುತ್ತಿತ್ತು. ಬೆಳೆ ಕೈಕೊಟ್ಟು ಬೆಲೆ ಗಗನಕ್ಕೇರಿದಾಗಲೂ ಬಡವರು ಉಪವಾಸ ಬೀಳಬಾರದೆಂದು ದೊಡ್ಡ ಸಂಸ್ಥೆಗಳು ದೇಶದೇಶಗಳಲ್ಲಿ ಯೋಜನೆ ನಡೆಸುತ್ತವೆ. ಅದರಿಂದ ನಿಜವಾಗಿ ಉಪಯೋಗವಾಯಿತೇ ಎಂದು ಹೋಗಿ ನೋಡಿ ಬರುವವನು ಇವನು. ಭಾಮೈದ ಇದಿಷ್ಟನ್ನೂ ಕೇಳಿ ‘ಊಟದ ಇನ್‌ಸ್ಪೆಕ್ಟರ್’ ಎಂದು ಹೆಸರಿಟ್ಟುಬಿಟ್ಟ. ಇವನಿಗೂ ಅದು ಒಳಗೊಳಗೇ ಹಿಡಿಸಿತ್ತು. ಹೋದಕಡೆಯೆಲ್ಲ ಕೂರಿಸಿ ಬಡಿಸುತ್ತಿದ್ದರು. ಪ್ರತಿ ಬರಪೀಡಿತ ಪ್ರದೇಶದಿಂದ ಹಿಂತಿರುಗಿದಾಗಲೂ ದರ್ಜಿ ಪ್ಯಾಂಟಿನ ಸೊಂಟ ಬಿಚ್ಚಿ ಸಡಿಲ ಮಾಡಬೇಕಾಗುತ್ತಿತ್ತು. ಹಸಿವಿನ ಬಗ್ಗೆ ತನಗೆ ಹೊಟ್ಟೆ ತುಂಬ ಗೊತ್ತು ಎಂದು ತಾನೇ ನಗೆಯಾಡುತ್ತಿದ್ದ.

ಆ ಶನಿವಾರ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ವರದಿ ಮುಗಿಸುತ್ತಿದ್ದ. ಸಂಜೆಯೊಳಗೆ ಕಳಿಸಬೇಕಿತ್ತು. ಈ ಸಲ ಕಾಳು ಹಂಚಿದ್ದ ಗುಡ್ಡದ ಹಳ್ಳಿಗಳಿಗೆ ಹೋಗಿದ್ದಾಗ, ಅಲ್ಲಿನ ಹೆಂಗಸರನ್ನು ಗಂಡ, ಅತ್ತೆ ಎಲ್ಲರ ಎದುರಿಗೆ ಕೂರಿಸಿ, ನಿಮ್ಮ ಊಟ ಆಯಿತೇ ಎಂದು ದುಭಾಷಿಯಿಂದ ಕೇಳಿಸಿದ್ದ. ಇವನ ತಟ್ಟೆಗೆ ಬಡಿಸುತ್ತಲೇ ಅವರು, ನಮ್ಮದು ಆಗಲೇ ಆಯಿತು ಎಂದಿದ್ದರು. ‘ಕುಟುಂಬಗಳು ಸ್ವಂತ ಕಾಲ ಮೇಲೆ ನಿಂತಿವೆ, ಕಾಳಿನ ನೆರವು ನಿಲ್ಲಿಸಬಹುದು’ ಎಂದು ಬರೆದು ತನ್ನ ಬೆನ್ನು ತಾನೇ ತಟ್ಟಿಕೊಂಡ. ಇವನು ನಿಲ್ಲಿಸಿ ಎಂದರೆ ಮುಂದಿನ ವರ್ಷ ಆ ಗುಡ್ಡಗಳಿಗೆ ಕಾಳಿನ ಲಾರಿ ಹತ್ತುವುದಿಲ್ಲ.

ಅಷ್ಟರಲ್ಲಿ ಭಾಮೈದ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು, ಒಂದು ಫೋನೂ ಮಾಡದೆ, ಸರಿಯಾಗಿ ಊಟದ ಹೊತ್ತಿಗೆ ವಕ್ಕರಿಸಿದ. ಲ್ಯಾಪ್‌ಟಾಪ್ ಮಂಚ ಸೇರಿತು. ಇವನ ಹೆಂಡತಿ ಎಲ್ಲರಿಗೂ ಬಡಿಸಿದಳು, ತಮ್ಮನಿಗಂತೂ ಬೇಡ ಬೇಡ ಎಂದರೂ ಮತ್ತೆ ಮತ್ತೆ. ಸೌಟು ಪಾತ್ರೆಯ ತಳ ಕೆರೆಯುವ ಸದ್ದು ಇವನಿಗೂ ಕೇಳಿಸಿತು. ನೀನೂ ಕೂತುಕೋ ಅಕ್ಕ ಎಂದು ತಮ್ಮ ಕರೆದ.

“ನಂದು ಆಗ್ಲೇ ಆಯ್ತು. ನೀವು ತಿನ್ನಿ,” ಎಂದು ಅವಳು ನಕ್ಕಳು.

ಇವನ ಕೈ ತಟ್ಟೆಯಲ್ಲೇ ನಿಂತಿತು. ಬೆಳಗಿನಿಂದ ಅಡುಗೆಮನೆಗೆ ಮುಖ ಮಾಡಿಯೇ ಕೂತಿದ್ದ. ಅವಳು ಒಂದು ತುತ್ತೂ ಬಾಯಿಗೆ ಹಾಕಿರಲಿಲ್ಲ. ಗುಡ್ಡದ ಹೆಂಗಸರದೂ ಇದೇ ಮಾತು, ಇದೇ ನಗು. ಅವರ ಪಾಲಿನದನ್ನೇ ಉಂಡು, ಅವರಿಗೆ ಹಸಿವಿಲ್ಲ ಎಂದು ವರದಿ ಬರೆದ ಮಹಾಪಂಡಿತ ತಾನು.

ನೆಂಟರು ಹೋದ ಮೇಲೆ ಆಫೀಸಿಗೆ ಫೋನು ಮಾಡಿದ. ಈ ವರದಿ ಇವತ್ತು ಬರುವುದಿಲ್ಲ, ಹೆಂಗಸರನ್ನು ಮನೆಯವರಿಂದ ದೂರ ಕೂರಿಸಿ ಮತ್ತೆ ಕೇಳಬೇಕು, ಅಲ್ಲಿಯವರೆಗೆ ನೆರವು ನಿಲ್ಲಿಸಬೇಡಿ ಎಂದ. ಮೇಲಧಿಕಾರಿ ತಾಳ್ಮೆಯಿಂದಲೇ ಕೇಳಿ, ಹಾಗಾದರೆ ಮುಂದಿನ ಕೆಲಸ ಹೊತ್ತಿಗೆ ಸರಿಯಾಗಿ ಮುಗಿಸುವವರಿಗೆ ಕೊಡುತ್ತೇವೆ ಎಂದರು. ಆಗಲಿ ಎಂದು ಇವನು ಫೋನಿಟ್ಟ.

ಅಡುಗೆಮನೆಯಲ್ಲಿ ಹೆಂಡತಿ ನಿಂತುಕೊಂಡೇ ಬಿಸ್ಕತ್ತು ತಿನ್ನುತ್ತಿದ್ದಳು.

“ನಿಂದು ಊಟ ಆಯ್ತಾ?”

ಮದುವೆಯಾದಾಗಿನಿಂದ ಕೇಳದ ಪ್ರಶ್ನೆ. ಅವಳು ಅನುಮಾನದಿಂದ ನೋಡಿದಳು.

“ಆಮೇಲೆ ತಿಂತೀನಿ ಬಿಡಿ. ನೀವು ಹೋಗಿ ಬರ್ಕೊಳ್ಳಿ.”

ಊಟದ ಇನ್‌ಸ್ಪೆಕ್ಟರ್ ಈ ಸಲ ಉತ್ತರವನ್ನು ಒಪ್ಪಿಕೊಳ್ಳಲಿಲ್ಲ. ಒಲೆ ಹಚ್ಚಿ ಎರಡು ಮೊಟ್ಟೆ ಒಡೆದು ಹಾಕಿದ, ಅರ್ಧ ಕರಕಲಾದದ್ದನ್ನು ತಟ್ಟೆಯಲ್ಲಿ ಅವಳ ಮುಂದಿಟ್ಟ, ಕುರ್ಚಿ ಎಳೆದುಕೊಂಡು ತಟ್ಟೆ ಖಾಲಿಯಾಗುವ ತನಕ ಎದುರಿಗೇ ಕೂತ.