ರೊಟ್ಟಿ ಹೊತ್ತಿನ ಇಂಗ್ಲಿಷ್

ಇವತ್ತು ನಾಸಿಕದ ನಮ್ಮ ಅಡುಗೆಮನೆಯಲ್ಲಿ ಜೋಳದ ರೊಟ್ಟಿಯ ಅಂಚು ಸೀದ ವಾಸನೆ ಬಂತು. ಅಷ್ಟಕ್ಕೇ ಮನಸ್ಸಿನಲ್ಲೇ ನಾನು ಚಿಕ್ಕವಳಿದ್ದಾಗಿನ ಸಂಭಾಜಿನಗರದ ಬಾಡಿಗೆ ಮನೆಗೆ ಹೋಗಿಬಿಟ್ಟೆ.

ಅಪ್ಪನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ನಾವು ಗದಗಿನಿಂದ ಅಲ್ಲಿಗೆ ಬಂದಿದ್ದೆವು. ಅಪ್ಪನ ತಪ್ಪು ಇಂಗ್ಲಿಷಿಗೆ ಆಫೀಸಿನಲ್ಲಿ ನಗುತ್ತಿದ್ದರಂತೆ. ನನಗೆ ಹಾಗಾಗಬಾರದು ಎಂದು ಅವರಿಗೆ ಹಟ. ಊಟದ ಹೊತ್ತೇ ನನ್ನ ಪಾಠದ ಹೊತ್ತು.

"ಸೀ, ಲುಕ್, ವಾಚ್. ಏನು ಫರಕ್, ಹೇಳು" ಎಂದು ತಟ್ಟೆಯ ಅಂಚನ್ನು ಬೆರಳಿನಿಂದ ಬಡಿಯುತ್ತಿದ್ದರು. ತಾನಾಗಿ ಕಣ್ಣಿಗೆ ಬಿದ್ದರೆ ಸೀ, ಬೇಕೆಂದೇ ಕಣ್ಣು ಹಾಯಿಸಿದರೆ ಲುಕ್, ಕಣ್ಣಿಟ್ಟು ಕೂತರೆ ವಾಚ್ ಎಂದು ನಾನು ಒಪ್ಪಿಸುತ್ತಿದ್ದೆ.

ಊರಿನಿಂದ ಬಂದಿದ್ದ ಅಜ್ಜಿ ಮಜ್ಜಿಗೆಯಲ್ಲಿ ರೊಟ್ಟಿ ನೆನೆಸುತ್ತ ಒಮ್ಮೆ ನಕ್ಕಳು. "ಮೂರೂ ನೋಡೂದ ಅಲ್ಲೇನೋ? ನಾ ಸಣ್ಣಾಕಿ ಇದ್ದಾಗ ಏನಾತಂದ್ರ..."

"ಅವ್ವಾ, ನೀ ಸುಮ್ನಿರು. ಹುಡುಗಿ ಪಾಠ ಕೆಡತದ" ಎಂದರು ಅಪ್ಪ.

ಮರುದಿನದಿಂದ ಅಜ್ಜಿ ನಮಗಿಂತ ಮೊದಲೇ ಉಂಡು ಒಳಗೆ ಹೋಗಿ ಕೂರತೊಡಗಿದಳು. ಆಮೇಲೆ ಊರಿಗೆ ಹೋದವಳು ಮತ್ತೆ ಬರಲಿಲ್ಲ. ಅವಳು ಸಣ್ಣವಳಿದ್ದಾಗ ಏನಾಗಿತ್ತು ಎಂದು ನಾವು ಯಾರೂ ಕೇಳಲಿಲ್ಲ. ಕೇಳೋಣವೆಂದರೆ ಈಗ ಅಜ್ಜಿಯೇ ಇಲ್ಲ.

ಇವತ್ತು ಊಟಕ್ಕೆ ಕೂತು ನನ್ನ ಮಗಳು ಅವಳಪ್ಪನಿಗೆ ಇಂಥವೇ ಪದಗಳನ್ನು ಒಪ್ಪಿಸುತ್ತಿದ್ದಳು. ಎದುರಿಗೆ ಕೂತಿದ್ದ ನನ್ನ ಅಪ್ಪ, "ನಮ್ಮವ್ವ ಒಮ್ಮೆ..." ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು.

"ಹೇಳ್ರಿ ಅಪ್ಪಾ" ಎಂದೆ.

ಅವರು ತಟ್ಟೆ ನೋಡುತ್ತ ಅಂದರು: "ಬ್ಯಾಡ ಬಿಡವಾ. ಹುಡುಗಿ ಪಾಠ ಕೆಡತದ."