ಪಾರಿಯ ಎರಡು ಕಾಯಿಲೆ

ಪಾರಿ, ಅವತ್ತು ಡಾಕ್ಟರು ಕೇಳಿದಾಗ ನಾನು ಸುಳ್ಳು ಹೇಳಿದೆ. ನಿನಗೆ ಮೂರ್ಛೆರೋಗ ಇದ್ದದ್ದನ್ನು ಮುಚ್ಚಿಟ್ಟೆ — ನಿನ್ನ ಅತ್ತೆಯ ಎದುರಿಗೆ, ನಿನ್ನ ಎದುರಿಗೇ.

ಅವ್ವ ಸತ್ತ ಮೇಲೆ ನಿನ್ನನ್ನು ಬೆಳೆಸಿದ ಅಕ್ಕ ನಾನು. ಅಪ್ಪ ಹತ್ತಿ ಮಿಲ್ಲಿನ ಪಾಳಿಗೆ ಹೋದಾಗ ನೀನು ಬಿದ್ದು ಕೈಕಾಲು ಸೆಟೆದುಕೊಂಡರೆ, ನಾನು ಓಡುತ್ತಿದ್ದದ್ದು ಬೀದಿಬಾಗಿಲು ಹಾಕಲಿಕ್ಕೆ. ಬಾಗಿಲು ಮೊದಲು, ನೀನು ಆಮೇಲೆ. ಹೊಟ್ಟೆಯ ಕಾಯಿಲೆ ಅದರ ಹಿಂದೆ ಬಂತು — ನುಲಿತ, ರಕ್ತಭೇದಿ. ಅದು ಕೆರಳಿದಾಗಲೆಲ್ಲ ಮೂರ್ಛೆಯೂ ಹೆಚ್ಚುತ್ತಿತ್ತು. ಎರಡನ್ನೂ ಜೊತೆಗೆ ಕಂಡವಳು ನಾನೊಬ್ಬಳೇ.

ಅರವತ್ತರ ದಶಕದ ಮೊದಲ ವರ್ಷಗಳವು. ಹರಿಹರದ ಸಂಬಂಧ ಬಂದಾಗ ಹೊಟ್ಟೆಯದನ್ನು ಹೇಳಿದೆವು, ಹೊಟ್ಟೆನೋವು ಯಾರಿಗಿಲ್ಲ? ಮೂರ್ಛೆಯ ಮಾತೆತ್ತಿದರೆ ಮದುವೆಯೇ ಇಲ್ಲ.

ವರ್ಷ ತುಂಬುವುದರೊಳಗೆ ರಕ್ತ ಹೆಚ್ಚಾಯಿತು. ಮೂರ್ಛೆ ಮಾತ್ರ ಆ ಮನೆಯವರ ಕಣ್ಣಿಗೆ ಇನ್ನೂ ಬಿದ್ದಿರಲಿಲ್ಲ. ನಿನ್ನ ಅತ್ತೆಯೇ ನಿನ್ನನ್ನು ದಾವಣಗೆರೆಯ ಡಾಕ್ಟರ ಹತ್ತಿರ ಕರೆತಂದರು, ನನಗೂ ಬರಹೇಳಿದರು. ಅತ್ತೆಯ ಮುಂದೆ ಹೊಸ ಸೊಸೆ ಡಾಕ್ಟರೊಡನೆ ಬಾಯಿ ಬಿಡುವಂತಿರಲಿಲ್ಲ, ತವರಿನ ಹಿರಿಯಳು ಹೇಳಬೇಕು. ಕಾಯಿಲೆ ನಿನ್ನದು, ಉತ್ತರ ನನ್ನದು.

"ಈ ಕರುಳಿನ ಕಾಯಿಲೆ ಇರೋರಲ್ಲಿ ಒಬ್ಬೊಬ್ಬರಿಗೆ ಫಿಟ್ಸೂ ಬರೋದು ನೋಡಿದ್ದೀನಿ. ಹಂಗೇನಾರ ಐತೇನಮ್ಮ?"

ನೀನು ನನ್ನ ಕಡೆ ನೋಡಿದೆ. ಹೇಳಕ್ಕ ಎಂಬಂತೆ — ಅಥವಾ ಹೇಳಬ್ಯಾಡ ಎಂಬಂತೆಯೋ —

"ಇಲ್ಲರಿ. ಒಂದ್ಸಲನೂ ಇಲ್ಲ."

ಅವರು ಹೊಟ್ಟೆಗಷ್ಟೇ ಔಷಧಿ ಬರೆದರು. ನಾನು ಹೌದೆಂದಿದ್ದರೆ ಅವರು ಹೇಳುತ್ತಿದ್ದ ಮಾತು, ನೀರಿನ ಹತ್ತಿರ, ಒಲೆಯ ಹತ್ತಿರ ಇವಳೊಬ್ಬಳನ್ನೇ ಬಿಡಬೇಡಿ ಎಂಬುದು, ನಿನ್ನ ಅತ್ತೆಯ ಕಿವಿಗೆ ಬೀಳಲೇ ಇಲ್ಲ.

ಕಲೆಯಾದ ಸೀರೆಗಳನ್ನು ತೊಳೆಯಲು ನಾಚಿಕೊಂಡು ಒಬ್ಬಳೇ ತುಂಗಭದ್ರೆಗೆ ಹೋಗುತ್ತಿದ್ದೆಯಂತೆ. ಒಂದು ದಿನ ಮೊಣಕಾಲುದ್ದದ ನೀರಿನಲ್ಲಿ ಹೆಣವಾಗಿ ಸಿಕ್ಕೆ. ಅಷ್ಟೇ ನೀರಿನಲ್ಲಿ ಬೇಕೆಂದೇ ಮುಳುಗಬೇಕು, ಅತ್ತೆಯ ಕಾಟ ತಡೆಯದೆ ಸತ್ತಳು ಎಂದು ಊರು ತೀರ್ಮಾನಿಸಿತು. ಅವತ್ತು ಆ ಹೆಂಗಸು ನನ್ನ ಕೈ ಹಿಡಿದು ಕೇಳಿದರು, "ನಾನೇನು ಕಡಿಮಿ ಮಾಡಿದ್ದೆ, ಹೇಳವ್ವ. ನಿನಗಾದ್ರೂ ಏನಾರ ಅಂದಿದ್ಲಾ?"

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂದು ಅಪ್ಪ ನನ್ನನ್ನು ಚುಡಾಯಿಸುತ್ತಿದ್ದರು. ಆ ಬಾಯಿ ನಿನ್ನ ಅತ್ತೆಗೆ ಅವತ್ತೂ ಮೂರ್ಛೆಯ ಮಾತು ಹೇಳಲಿಲ್ಲ.

ಕರುಳಿಗೂ ಮೂರ್ಛೆಗೂ ನಂಟು ಇರಬಹುದು ಎನ್ನುತ್ತಾರೆ ಈಗಿನ ಡಾಕ್ಟರುಗಳು, ಖಂಡಿತ ಎನ್ನುವುದಿಲ್ಲ. ಇರಲಿ, ಇಲ್ಲದಿರಲಿ — ನನ್ನನ್ನು ಕೇಳಿದ್ದರು, ನಾನು ಇಲ್ಲವೆಂದೆ.

ಈಗ ಮನೆಯಲ್ಲಿ ನಾನೊಬ್ಬಳೇ. ಮಾತಾಡಿಸಲು ಯಾರೂ ಇಲ್ಲದೆ ನಿನ್ನನ್ನೇ ಮಾತಾಡಿಸುತ್ತೇನೆ. ನಿನ್ನ ಅತ್ತೆ ಆ ಕೆಟ್ಟ ಹೆಸರು ಹೊತ್ತುಕೊಂಡೇ ಹೋದರು. ಹೆತ್ತ ಮಗನೇ, ನಿನ್ನ ಗಂಡನೇ, ಕೊನೆಯ ತನಕ ಅವರೊಡನೆ ಮಾತು ಬಿಟ್ಟಿದ್ದನಂತೆ. ಅವನು ಇನ್ನೂ ಹರಿಹರದಲ್ಲಿದ್ದಾನೆ. ನಾಳೆ ಬೆಳಗಿನ ಬಸ್ಸಿಗೆ ಹೋಗುತ್ತೇನೆ. ಒಳಗೆ ಕರೆದು ಕೂರಿಸುತ್ತಾನೆ, ಚಹಾ ಮಾಡಿಸುತ್ತಾನೆ — ಸತ್ತ ಹೆಂಡತಿಯ ಅಕ್ಕನಲ್ಲವೇ. ಲೋಟ ಕೈಗೆ ಬರುವ ಮೊದಲೇ ಹೇಳಿಬಿಡಬೇಕು.