ಫುಲ್ ಟೀ ಕುಡಿದವನ ಅಪರಾಧ

ಹೋದ ವಾರದ ಅಂಕಣಕ್ಕೆ ಮೊದಲ ಥ್ಯಾಂಕ್ಸ್ ಯಾರಿಂದ ಬಂತು ಗೊತ್ತಾ? ಅದರಲ್ಲಿ ನಾನು ಯಾರ ಮಾನ ತೆಗೆದಿದ್ದೆನೋ, ಅವನ ಹೆಂಡತಿಯಿಂದ.

ಸೋಮವಾರ ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿ, ಸುಟ್ಟ ಮೋಟಾರೊಂದನ್ನು ಬಿಚ್ಚುತ್ತಾ ಕೂತಿದ್ದೆ. ಗೌರಮ್ಮ ಬಂದರು. ಕೈಯಲ್ಲಿ ಮಡಚಿದ ಪೇಪರ್. ಗೌರಮ್ಮ ಅಂದರೆ ನನ್ನ ಗೆಳೆಯ ತಿಪ್ಪೇಸ್ವಾಮಿಯ ಹೆಂಡತಿ. ಪೇಪರಿನಲ್ಲಿದ್ದದ್ದು ತಿಪ್ಪೇಸ್ವಾಮಿಯನ್ನು ಬೈದು ನಾನು ಬರೆದ ‘ಫುಲ್ ಟೀ ಮನುಷ್ಯ’. ಸುತ್ತಿಗೆ ಪಕ್ಕಕ್ಕಿಟ್ಟೆ. (ಅವರ ಕೈಗೆ ಸಿಗದ ಕಡೆ.)

ಸ್ಟೂಲ್ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು ಆ ತಾಯಿ ಹೇಳಿದ್ದು ಇಷ್ಟು: “ಅಣ್ಣಾ, ನಿಮ್ಮಿಂದ ಭಾಳ ಉಪಕಾರ ಆತು.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಉಪಕಾರ ಅಂದರೆ ಏನು ಮಾಡೋದು?

ಹೋದ ವಾರ ಪೇಪರ್ ಓದದವರಿಗೆ ಕಥೆ ಹೇಳಿಬಿಡುತ್ತೇನೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮೋಟಾರ್ ರೀವೈಂಡಿಂಗ್ ಕೆಲಸ. ಸುಟ್ಟ ಕಾಯಿಲಿನ ವಾಸನೆ ಹಿಡಿದೇ ಯಾವ ಕಡೆ ಸುಟ್ಟಿದೆ ಅಂತ ಹೇಳುವ ಮೂಗು ನನ್ನದು. ಆ ಮೂಗನ್ನೇ ನಂಬಿಕೊಂಡು ಇಪ್ಪತ್ತು ವರ್ಷದಿಂದ ಒಂದು ಹವ್ಯಾಸ ಇಟ್ಟುಕೊಂಡಿದ್ದೇನೆ. ದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಕೆಲಸಕ್ಕೆ ಎಲ್ಲಿ ಹೋದರೂ ಅಲ್ಲಿಯ ಟೀ ಕುಡಿದು ಹೋಲಿಸೋದು, ಹತ್ತಕ್ಕೆ ಮಾರ್ಕ್ಸ್ ಹಾಕೋದು. ಯಾವ ಮೋಟಾರಿಗೆ ಎಷ್ಟು ಸುತ್ತು ತಂತಿ ಅಂತ ಬರೆದಿಡುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ನಾಲ್ಕು ತಾಲೂಕಿನ ಟೀ ಇದೆ. ಅದನ್ನೇ ವಾರಕ್ಕೊಮ್ಮೆ ಈ ಪೇಪರಿಗೆ ಅಂಕಣ ಅಂತ ಬರೆಯೋದು.

ಈ ಹವ್ಯಾಸದಲ್ಲಿ ಪಾಲುದಾರ ತಿಪ್ಪೇಸ್ವಾಮಿ. ಗೂಡ್ಸ್ ಗಾಡಿ ಓಡಿಸುತ್ತಾನೆ, ನನ್ನ ಮೋಟಾರುಗಳನ್ನು ಅವನೇ ಸಾಗಿಸೋದು. ನಾವು ಎಲ್ಲೇ ಕುಡಿದರೂ ಬೈ ಟೂ. ಒಂದು ಟೀ, ಎರಡು ಗ್ಲಾಸ್. ಇದನ್ನು ಜಿಪುಣತನ ಅನ್ನುವವರಿಗೆ ಟೀ ಗೊತ್ತಿಲ್ಲ. ಒಂದೇ ದಿನ ಎಂಟು ಅಂಗಡಿಯ ಟೀ ಹೋಲಿಸಬೇಕಾದರೆ ಫುಲ್ ಕುಡಿದರೆ ಆಗುತ್ತದಾ? ಹೊಟ್ಟೆ ಏನು ಮಾರಿಕಣಿವೆ ಡ್ಯಾಮಾ? ಅದೂ ಅಲ್ಲದೆ, ಇಬ್ಬರ ಬಾಯಿಗೆ ಬಿದ್ದದ್ದು ಒಂದೇ ಟೀ ಆಗಿದ್ದರೆ ತಾನೇ ಜಗಳಕ್ಕೆ ಅರ್ಥ? (ತಂದೂರಿ ಚಾಯ್, ಚಾಕಲೇಟ್ ಚಾಯ್ ಅಂತ ಬೋರ್ಡ್ ಹಾಕಿದ ಕಡೆ ನಾವು ಗಾಡಿ ನಿಲ್ಲಿಸೋದಿಲ್ಲ. ಟೀಗೆ ವೇಷ ಕಟ್ಟುವವರನ್ನು ನಾನು ನಂಬೋದಿಲ್ಲ.)

ಮೂರು ತಿಂಗಳ ಕೆಳಗೆ ತಿಪ್ಪೇಸ್ವಾಮಿ ಬದಲಾದ. ಕರೆದರೆ ಲೋಡ್ ಐತೆ ಅನ್ನುತ್ತಿದ್ದ. ಇನ್ನೊಂದು ದಿನ ಹೊಟ್ಟೆ ಸರಿ ಇಲ್ಲ. ಮತ್ತೊಂದು ದಿನ ಸೋಮವಾರದ ಉಪವಾಸ, ಆವತ್ತು ಬುಧವಾರ. ಅದೇ ಹೊತ್ತಿಗೆ ಅವನು ಹೊಸ ಗಾಡಿ ತಗೊಂಡಿದ್ದ. ನಾನು ಎರಡನ್ನೂ ಕೂಡಿಸಿದೆ. ಓಹೋ, ಬೈ ಟೂ ಕುಡಿಯೋದು ಈಗ ಸಾಹೇಬರ ಸ್ಥಾನಕ್ಕೆ ಕಮ್ಮಿ!

ಎರಡು ವಾರದ ಕೆಳಗೆ ತಾಮ್ರದ ತಂತಿ ತರಲು ಹಿರಿಯೂರಿಗೆ ಹೋದಾಗ ಕಣ್ಣಾರೆ ಕಂಡೆ. ಬಸ್ ಸ್ಟ್ಯಾಂಡ್ ಹತ್ತಿರ, ನಾವಿಬ್ಬರೂ ವರ್ಷಗಟ್ಟಲೆ ನಿಂತು ಕುಡಿದ ಅಂಗಡಿಯ ಮುಂದೆ, ತಿಪ್ಪೇಸ್ವಾಮಿ ಒಬ್ಬನೇ. ಕೈಯಲ್ಲಿ ಫುಲ್ ಟೀ. ನನ್ನನ್ನು ನೋಡಿದವನೇ ಗ್ಲಾಸ್ ಇಟ್ಟು ಗಾಡಿ ಹತ್ತಿ ಹೋದ.

ಆ ರೋಷದಲ್ಲಿ ಬರೆದದ್ದು ‘ಫುಲ್ ಟೀ ಮನುಷ್ಯ’. ಹೆಸರು ಹಾಕಿರಲಿಲ್ಲ. ನನಗೂ ಮರ್ಯಾದೆ ಇದೆ. ಹುರಿ ಮೀಸೆ, ಹೊಸ ಗೂಡ್ಸ್ ಗಾಡಿ, ಕನ್ನಡಿ ಕೆಳಗೆ ನೇತಾಡುವ ನಿಂಬೆಹಣ್ಣು, ಅಷ್ಟೇ ಬರೆದಿದ್ದೆ. ಊರಿಗೆ ಅಷ್ಟು ಸಾಕಾಯಿತು. ಲೋಡಿಂಗ್ ಜಾಗದಲ್ಲಿ ಅವನನ್ನು ಕಂಡವರೆಲ್ಲ “ಫುಲ್ಲಾ, ಹಾಫಾ?” ಅಂತ ಕೇಳುತ್ತಿದ್ದರಂತೆ.

ಈಗ ಗೌರಮ್ಮನ ಮಾತಿಗೆ ಬರೋಣ.

“ಅವರಿಗೆ ಶುಗರ್ ಬಂದು ಮೂರು ತಿಂಗಳಾತು ಅಣ್ಣ. ಟೀ ಬಿಟ್ಟೇಬಿಟ್ಟೆ ಅಂತ ನನ್ನ ತಲೆ ಮುಟ್ಟಿ ಆಣೆ ಮಾಡಿದ್ರು. ಅವರ ಮುಂದೆ ಕುಡಿಯೋದು ಬ್ಯಾಡ ಅಂತ ನಾನೂ ಮನೆಯಾಗೆ ಟೀ ಕಾಸೋದು ಬಿಟ್ಟೆ. ನೀವು ಪೇಪರ್‌ನಾಗೆ ಬರೀದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ.”

ಸಿಕ್ಕಿಬಿದ್ದ ಗಂಡ, ಕುಡಿದದ್ದು ಸಕ್ಕರೆ ಇಲ್ಲದ ಟೀ ಅಂತ ಇನ್ನೊಂದು ಆಣೆ ಮಾಡಿದ್ದನಂತೆ. ಹಳೇ ಆಣೆಯ ಗತಿ ಕಂಡ ಮೇಲೆ ಹೊಸ ಆಣೆ ಯಾರು ನಂಬುತ್ತಾರೆ? ಅದಕ್ಕೇ ನನ್ನ ಹತ್ತಿರ ಬಂದಿದ್ದರು. “ನೀವು ಟೀ ಬಣ್ಣ ನೋಡೇ ಎಲ್ಲಾ ಹೇಳೋರು. ಅದ್ರಾಗೆ ಸಕ್ಕರೆ ಇತ್ತಾ ಇರ್ಲಿಲ್ವಾ?”

ರಸ್ತೆಯ ಆ ಕಡೆಯಿಂದ ನೋಡಿದವನು ನಾನು. ನೋಡಿದ್ದು ಗ್ಲಾಸಿನ ಅಳತೆ. ವಿಚಾರಿಸಿ ಹೇಳ್ತೀನಮ್ಮ ಅಂದೆ.

ಬುಧವಾರ ತಿಪ್ಪೇಸ್ವಾಮಿಯ ಗಾಡಿ ಹತ್ತಿ ಪಕ್ಕದಲ್ಲಿ ಕೂತೆ. ಇಳಿ ಅನ್ನಲಿಲ್ಲ. ಗಾಡಿ ಎತ್ತಿದ. ಊರು ದಾಟಿದ ಮೇಲೆ ನಾನೇ ಕೇಳಿದೆ, ಶುಗರ್ ಅಂತ ನನಗೆ ಒಂದು ಮಾತು ಹೇಳಬಾರದಿತ್ತಾ?

“ಹೇಳಿದ್ರೆ ಪೇಪರ್‌ನಾಗೆ ಬರ್ತಿತ್ತು,” ಅಂದ. ಸ್ವಲ್ಪ ದೂರ ಹೋದ ಮೇಲೆ, “ಹೇಳ್ಲಿಲ್ಲ, ಆದ್ರೂ ಬಂತು.”

ನಾನು ಕನ್ನಡಿ ಕೆಳಗಿನ ನಿಂಬೆಹಣ್ಣು ನೋಡುತ್ತಾ ಕೂತೆ.

ಹೊಳಲ್ಕೆರೆಯಲ್ಲಿ ಪುಟ್ಟಕ್ಕನ ಅಂಗಡಿ. ಅವರ ಟೀಗೆ ಒಂಬತ್ತು ಮಾರ್ಕ್ಸ್ ಕೊಟ್ಟು ನಾನು ಬರೆದಿದ್ದ ಅಂಕಣವನ್ನು ಗೋಡೆಗೆ ಅಂಟಿಸಿಕೊಂಡಿದ್ದಾರೆ. ತಿಪ್ಪೇಸ್ವಾಮಿಯನ್ನು ಕಂಡದ್ದೇ ತಡ, ಯಾರೂ ಹೇಳದೆ ಪುಟ್ಟಕ್ಕ ಒಂದು ಸಣ್ಣ ಪಾತ್ರೆಯನ್ನು ಬೇರೆ ಒಲೆಗಿಟ್ಟರು. ದೊಡ್ಡ ಪಾತ್ರೆಯಲ್ಲಿ ಸಕ್ಕರೆ ಮೊದಲೇ ಬಿದ್ದಿರುತ್ತದಲ್ಲ. ಗೌರಮ್ಮನ ಪ್ರಶ್ನೆಗೆ ಉತ್ತರ ಆ ಸಣ್ಣ ಪಾತ್ರೆಯಲ್ಲೇ ಸಿಕ್ಕಿತು. ಈ ಮನುಷ್ಯ ಮೂರು ತಿಂಗಳಿಂದ ಟೀ ಸುತ್ತಾಟ ನಿಲ್ಲಿಸಿಯೇ ಇರಲಿಲ್ಲ. ಒಬ್ಬನೇ, ಸಕ್ಕರೆ ಇಲ್ಲದೆ, ನಮ್ಮ ಅಂಗಡಿಗಳನ್ನೆಲ್ಲ ಮೊದಲಿಂದ ಹೋಲಿಸುತ್ತಾ ಬಂದಿದ್ದ.

ನನಗೂ ಅದೇ ಕೊಡಿ ಅಂದೆ.

“ನಿಮಗೂ ಶುಗರ್ರಾ?” ಅಂದರು ಪುಟ್ಟಕ್ಕ, ಮರುಕದಿಂದ.

ಕುಡಿದೆ. ಬಿಸಿನೀರಿಗೆ ಹಾಲು ತೋರಿಸಿದ ಹಾಗಿತ್ತು. ಗೋಡೆಯ ಅಂಕಣದಲ್ಲಿದ್ದ ನನ್ನ ಫೋಟೋ ನನ್ನನ್ನೇ ನೋಡಿ ನಗುತ್ತಿತ್ತು. ತಿಪ್ಪೇಸ್ವಾಮಿ ಕಿವಿಯ ಹತ್ತಿರ ಬಂದು, ಪುಡಿ ಎರಡನೇ ಸಲ ಬೆಂದದ್ದು, ಎರಡು ಮಾರ್ಕ್ಸ್ ಅಂದ. ಹೊಸದುರ್ಗದಲ್ಲೂ ಅಷ್ಟೇ. ಅವನು ಇಲ್ಲಿ ಹಾಲು ಗಟ್ಟಿ, ಪುಡಿ ಸುಮಾರು ಅಂತ ಬಿಡಿಸಿ ಬಿಡಿಸಿ ಹೇಳುತ್ತಿದ್ದ. ನನಗೆ ಆ ಊರಿಗೂ ಈ ಊರಿಗೂ ವ್ಯತ್ಯಾಸವೇ ತಿಳಿಯಲಿಲ್ಲ. ಎರಡೂ ಕಡೆ ಬಾಯಿ ಹುಡುಕುತ್ತಿದ್ದದ್ದು ಒಂದನ್ನೇ, ಅದು ಇರಲಿಲ್ಲ.

“ಇಪ್ಪತ್ತು ವರ್ಷ ನೀನು ಮಾರ್ಕ್ಸ್ ಹಾಕಿದ್ದು ಟೀಗಲ್ಲ ಕಣಪ್ಪ,” ಅಂದ ತಿಪ್ಪೇಸ್ವಾಮಿ. “ಪಾಯಸಕ್ಕೆ.”

ಮೂರು ತಿಂಗಳಲ್ಲಿ ಅವನು ಆಡಿದ ಮೊದಲ ಜೋಕು. ನನ್ನ ಖರ್ಚಿನಲ್ಲಿ. ಇರಲಿ.

ಮಾರಿಕಣಿವೆಯಲ್ಲಿ, ಮೀನು ಮಾರುವವರು ಕೂರುವ ಕಡೆ, ಹೆಸರಿಲ್ಲದ ಒಂದು ಶೆಡ್ ಇದೆ. ಅದಕ್ಕೆ ನಾನು ಹಿಂದೆ ಮೂರು ಮಾರ್ಕ್ಸ್ ಕೊಟ್ಟು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಅಲ್ಲಿ ತಿಪ್ಪೇಸ್ವಾಮಿ ಗ್ಲಾಸ್ ಕೈಗೆ ಕೊಟ್ಟು, ನಿಧಾನ ಕುಡಿ ಅಂದ. ಮೊದಲ ಗುಟುಕು ಕಹಿ. ಎರಡನೆಯದೂ ಕಹಿ. ಮೂರನೆಯದಕ್ಕೆ ಗಂಟಲ ಹಿಂದೆ ಏನೋ ಅರಳಿದ ಹಾಗಾಯಿತು. ಮೊದಲ ಮಳೆಗೆ ನೆಂದ ಹುಲ್ಲಿನ ವಾಸನೆ. ಶುಂಠಿಯೂ ಅಲ್ಲ, ಏಲಕ್ಕಿಯೂ ಅಲ್ಲ. ಏನಿದು ಅಂತ ಕೇಳಿದೆ.

“ಟೀ,” ಅಂದ.

ಕೊನೆಗೆ ಹಿರಿಯೂರು, ಅದೇ ಅಂಗಡಿ. ಬೈ ಟೂ ಕೊಡಪ್ಪ, ಸಕ್ಕರೆ ಬೇಡ ಅಂದೆ. ಅಂಗಡಿಯವನು ತಲೆಯನ್ನೇ ಎತ್ತದೆ, ಸಕ್ಕರೆ ಇಲ್ಲದ್ದಕ್ಕೆ ಬೈ ಟೂ ಇಲ್ಲ, ಸಣ್ಣ ಪಾತ್ರೆ ಬೇರೆ ಇಡಬೇಕು, ಫುಲ್ಲೇ ತಗೊಳ್ರಿ ಅಂದ. ಇಷ್ಟೇ ವಿಷಯ ಸ್ವಾಮಿ. ನಾನು ಪೇಪರಿನಲ್ಲಿ ಹೊಸ ಗಾಡಿ, ದೊಡ್ಡಸ್ತಿಕೆ, ಮೀಸೆ ಅಂತ ಅರ್ಧ ಪುಟ ತುಂಬಿಸಿದ್ದು ಈ ಅಂಗಡಿಯ ರೂಲ್ಸಿಗೆ.

ತಿಪ್ಪೇಸ್ವಾಮಿ ಫುಲ್ ಟೀ ಒಂದನ್ನೇ ತಗೊಂಡ. ಖಾಲಿ ಗ್ಲಾಸ್ ಒಂದು ಕೇಳಿ ಇಸಕೊಂಡು, ತಾನೇ ಅರ್ಧ ಬಗ್ಗಿಸಿ, ನನ್ನ ಕಡೆ ತಳ್ಳಿದ.

“ನಿನಗೆ ಹೇಳಿದ್ರೆ ನನ್ನ ಜೊತೆ ನೀನೂ ಸಪ್ಪೆ ಕುಡಿತಿದ್ದೆ,” ಅಂದ, ಗ್ಲಾಸ್ ನೋಡುತ್ತಾ. “ನನ್ನ ಕಾಯ್ಲೆಗೆ ನಿನ್ನ ನಾಲಿಗೆ ಯಾಕೆ ಕೆಡಿಸ್ಲಿ ಅಂತ ಸುಮ್ನಾದೆ.”

ಸುಟ್ಟ ವಾಸನೆ ಹಿಡಿಯೋ ಮೂಗಿಗೆ ಇದು ಮೂರು ತಿಂಗಳು ಬಡಿದಿರಲಿಲ್ಲ.

ವಾಪಸ್ ಬರುವಾಗ, ಇದನ್ನೆಲ್ಲ ಬರೆಯಲಾ ಅಂತ ಕೇಳಿದೆ. ಬರಿ, ಆದ್ರೆ ಈ ಸಲ ಹೆಸರು ಹಾಕು, ಇಲ್ದಿದ್ರೆ ಜನ ಹುಡುಕ್ಕೊಂಡು ಬರ್ತಾರೆ ಅಂದ. ಹಾಕಿದ್ದೇನೆ. ಗೌರಮ್ಮನಿಗೂ ವರದಿ ಒಪ್ಪಿಸಿದೆ. ಅವರ ಮನೆಯಲ್ಲಿ ಈಗ ದಿನಕ್ಕೆ ಎರಡು ಸಲ ಟೀ ಕಾಯುತ್ತಿದೆ, ಸಕ್ಕರೆ ಇಲ್ಲದ್ದು. ನನ್ನ ಪುಸ್ತಕದ ಹಿಂದಿನ ಹಾಳೆಗಳ ಮಾರ್ಕ್ಸ್ ಎಲ್ಲಾ ಹೊಡೆದು ಹಾಕಿದೆ. ಪುಟ್ಟಕ್ಕನ ಗೋಡೆ ಮೇಲಿನ ಅಂಕಣ ಕಿತ್ತು ಹಾಕಲು ಧೈರ್ಯ ಸಾಲದು. ಅವರು ಬಯ್ಯುತ್ತಾರೆ.

ಇನ್ನು ನಿಮ್ಮ ವಿಷಯ. ‘ಫುಲ್ ಟೀ ಮನುಷ್ಯ’ ಓದಿ ಇಡೀ ವಾರ ಫೋನ್ ಮೇಲೆ ಫೋನ್. ಇಷ್ಟು ರುಚಿಯಾದ ಅಂಕಣ ನಾನು ಈವರೆಗೆ ಬರೆದೇ ಇರಲಿಲ್ಲ ಅಂದಿರಿ.

ಅದರಲ್ಲಿ ಸಕ್ಕರೆ ಬಿಟ್ಟರೆ ಟೀ ಎಷ್ಟಿತ್ತು, ಹೇಳ್ರಿ ನೋಡಾಣ?